ಬ್ಯಾಟರಿ ತೆಗೆದ ಮೇಲೆ ಉಳಿಯುವ ಬೆಲೆ



ಬಳಸಿದ ವಸ್ತುವನ್ನು ಕೊಳ್ಳುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಎಷ್ಟು ವರ್ಷವಾಯಿತು? ಎಷ್ಟು ಬಳಸಿದ್ದಾರೆ? ಸೈಕಲ್ಲಿಗೂ ಹೊಲಿಗೆ ಯಂತ್ರಕ್ಕೂ ಇಷ್ಟು ಸಾಕು. ಆದರೆ ಎಲೆಕ್ಟ್ರಾನಿಕ್ ಟ್ರಿಗರ್ ಉಳ್ಳ ಏರ್ ರೈಫಲ್ಲಿನ ವಿಷಯದಲ್ಲಿ ಈ ಪ್ರಶ್ನೆಗಳು ಸಾಲವು. ಎರಡನೆಯ ಪ್ರಶ್ನೆಯಂತೂ ಕೊಳ್ಳುವವನ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಭೌತಶಾಸ್ತ್ರದ ಮೇಷ್ಟ್ರಿಗೆ ಬಂದೂಕಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಶಾಲೆಯ ಎನ್.ಸಿ.ಸಿ. ತುಕಡಿಯನ್ನು ಹಲವು ವರ್ಷ ನೋಡಿಕೊಂಡವನು ನಾನು; .22 ರೈಫಲ್ಲಿನ ಹಿಂದೆ ಮಕ್ಕಳನ್ನು ಮಲಗಿಸಿ ಉಸಿರು ಹಿಡಿಯುವುದನ್ನು ಕಲಿಸಿದವನು. ಆ ನೆನಪಿನಿಂದಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಿಂಚಂಚೆ ಬರೆದಿದ್ದಾರೆ. ಅವರ ಮಗಳಿಗೆ ಹದಿನಾಲ್ಕು ವರ್ಷ. ಕ್ಲಬ್ಬಿನ ರೈಫಲ್ಲಿನಲ್ಲಿ ಹತ್ತು ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಒಬ್ಬರು ಒಂಬತ್ತು ವರ್ಷ ಹಳೆಯ ಎಲೆಕ್ಟ್ರಾನಿಕ್ ರೈಫಲ್ಲನ್ನು ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೆ ಕೊಡುತ್ತಾರಂತೆ. “ಹೆಚ್ಚು ಹೊಡೆದೇ ಇಲ್ಲ ಸಾರ್, ಹೊಸದರ ಹಾಗೇ ಇದೆ” ಎಂದು ಬರೆದಿದ್ದಾರೆ. ಹಣಕ್ಕೆ ಮನೆಯಾಕೆಯ ಒಡವೆಯನ್ನು ಅಡವಿಡುವ ಯೋಚನೆ. ಇಂಥದೇ ಪ್ರಶ್ನೆ ಬಂಧುಗಳಲ್ಲೂ ಒಬ್ಬರಿಂದ ಬಂದುದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು, ಇದರಲ್ಲಿ ಎಲೆಕ್ಟ್ರಾನಿಕ್ ಆದದ್ದು ಯಾವುದು? ಗುಂಡನ್ನು ತಳ್ಳುವುದು ವಿದ್ಯುತ್ತಲ್ಲ, ಗಾಳಿಯೇ. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಪ್ರತಿ ಸಲವೂ ಅದರ ಒಂದು ಸಣ್ಣ ಅಳತೆ ಹೊರಬಂದು 4.5 ಮಿ.ಮೀ. ವ್ಯಾಸದ ಸೀಸದ ಪೆಲೆಟ್ಟನ್ನು ನೂಕುತ್ತದೆ. ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಅಂದರೆ 0.53 ಗ್ರಾಮಿನ ಪೆಲೆಟ್ಟು ಸೆಕೆಂಡಿಗೆ 168 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಎಷ್ಟು? ಹತ್ತನೆಯ ತರಗತಿಯ ಸೂತ್ರ ಮರೆತಿಲ್ಲವಷ್ಟೆ! ಸುಮಾರು ಏಳೂವರೆ ಜೌಲ್. ಯಾಂತ್ರಿಕ ಮಾದರಿಯಲ್ಲಿ ಬಂದೂಕಿನ ಕುದುರೆಯನ್ನು ಎಳೆದಾಗ ಸನ್ನೆಗಳ ಸಾಲೊಂದು ಜಾರಿ, ಸುತ್ತಿಗೆಯೊಂದು ಕವಾಟವನ್ನು ತಟ್ಟಿ ತೆರೆಯುತ್ತದೆ. ಎಲೆಕ್ಟ್ರಾನಿಕ್ ಮಾದರಿಯಲ್ಲಿ ಬೆರಳಿನ ಒತ್ತಡವನ್ನು ಒಂದು ಸ್ವಿಚ್ಚೋ ಸಂವೇದಕವೋ ಗುರುತಿಸುತ್ತದೆ, ಸರ್ಕ್ಯೂಟ್ ಬೋರ್ಡು ವಿದ್ಯುತ್ತನ್ನು ಹರಿಸುತ್ತದೆ, ವಿದ್ಯುತ್ಕಾಂತವು ಉಳಿದ ಕೆಲಸವನ್ನು ಮಾಡುತ್ತದೆ. ಮೊಳೆಗೆ ತಂತಿ ಸುತ್ತಿ ಗುಂಡುಸೂಜಿಗಳನ್ನು ಎತ್ತಿದ ಪ್ರಯೋಗ ನೆನಪಿರಲಿ, ತತ್ತ್ವ ಅದೇ.

ಇದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರತಿ ಎಳೆತವೂ ಬೆರಳಿಗೆ ಒಂದೇ ರೀತಿ ಅನುಭವವಾಗುತ್ತದೆ. ಗಾಳಿ ಖರ್ಚಿಲ್ಲದ ಒಣ ಅಭ್ಯಾಸವೂ ಸುಲಭ. ಹತ್ತು ಮೀಟರ್ ರೈಫಲ್ಲಿನ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅಂಥಲ್ಲಿ ದಶಾಂಶಗಳಿಗಾಗಿ ಹೋರಾಡುವವರಿಗೆ ಈ ಏಕರೂಪತೆ ಬೇಕಾಗಬಹುದು. ಆದರೆ ಒಲಿಂಪಿಕ್ ಪದಕಗಳು ಯಾಂತ್ರಿಕ ಟ್ರಿಗರಿನ ರೈಫಲ್ಲುಗಳಿಂದಲೂ ಬಂದಿವೆ. ಹದಿನಾಲ್ಕರ ಹುಡುಗಿಯ ಅಂಕಗಳು ಹೋಗುವುದು ನಿಲುವಿನಲ್ಲಿ, ಉಸಿರಿನಲ್ಲಿ, ಅವಸರದಲ್ಲಿ. ಸರ್ಕ್ಯೂಟು ಅದನ್ನು ತುಂಬಿಕೊಡಲಾರದು.

ಈಗ ‘ಹೆಚ್ಚು ಹೊಡೆದೇ ಇಲ್ಲ’ ಎಂಬ ಮಾತಿಗೆ ಬರೋಣ. ಇದಕ್ಕಾಗಿ ಹೆಚ್ಚು ಹಣ ಕೊಡುವುದು ತಲೆಕೆಳಗಾದ ಲೆಕ್ಕ. ಸೀಸ ಮೃದುವಾದ ಲೋಹ, ವೇಗವೂ ಕಡಿಮೆ. ಒಳ್ಳೆಯ ಉಕ್ಕಿನ ನಳಿಗೆ ಅದರಿಂದ ಸವೆಯುವುದು ಇಲ್ಲವೆನ್ನುವಷ್ಟು ಅಲ್ಪ. ಸುಮ್ಮನೆ ಬಿದ್ದಿದ್ದ ರೈಫಲ್ಲಿನಲ್ಲಿ ಕೆಡುವುದು ಬೇರೆಯೇ. ರಬ್ಬರಿನ ಉಂಗುರಗಳು ಒಣಗುತ್ತವೆ. ಒಳಗೇ ಮರೆತ ಬ್ಯಾಟರಿ ಸೋರಿ ತಾಮ್ರದ ಬೆಸುಗೆಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಮಲೆನಾಡಿನ ಅಥವಾ ಕರಾವಳಿಯ ನಾಲ್ಕು ಮಳೆಗಾಲಗಳನ್ನು ಬೀರುವಿನಲ್ಲಿ ಕಳೆದ ಸರ್ಕ್ಯೂಟು ಹೇಗಿದ್ದೀತೆಂದು ನಿಮ್ಮ ಮನೆಯ ಹಳೆಯ ರೇಡಿಯೋವನ್ನು ಕೇಳಿ! ದಿನವೂ ಅಭ್ಯಾಸ ಮಾಡಿ, ದಿನವೂ ಒರೆಸಿಟ್ಟವರ ರೈಫಲ್ಲನ್ನೇ ನಾನಾದರೆ ಆರಿಸುತ್ತೇನೆ.

ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆದರೂ ನನ್ನ ಕೀಲಿ ಕೊಡುವ ಗಡಿಯಾರವನ್ನು ಪೇಟೆಯ ಮುದುಕರೊಬ್ಬರು ಈಗಲೂ ಬಿಚ್ಚಿ ಸರಿಮಾಡುತ್ತಾರೆ. ಅದೇ ಪೆಟ್ಟಿಗೆಯಲ್ಲಿ ಭಾವಮೈದುನ ಹೊರದೇಶದಿಂದ ತಂದುಕೊಟ್ಟ ಅಂಕಿ ಬೆಳಗುವ ಗಡಿಯಾರವೂ ಇದೆ. ಒಂದು ಗೀರಿಲ್ಲ, ಜೀವವೂ ಇಲ್ಲ. ಸನ್ನೆ ಸವೆದರೆ ನಿಪುಣನಾದ ಫಿಟ್ಟರ್ ಇನ್ನೊಂದನ್ನು ಅರೆದು ಕೂರಿಸಬಲ್ಲ. ತಯಾರಕರು ನಿಲ್ಲಿಸಿದ ಬೋರ್ಡನ್ನು ಯಾರು ಮಾಡಿಕೊಡುತ್ತಾರೆ? ಆದ್ದರಿಂದ ಇಂಥ ರೈಫಲ್ಲಿನ ವಯಸ್ಸನ್ನು ತಯಾರಾದ ವರ್ಷದಿಂದ ಎಣಿಸಿದರೆ ಸಾಲದು, ಬಿಡಿಭಾಗ ಇನ್ನೆಷ್ಟು ವರ್ಷ ಸಿಗುತ್ತದೆ ಎಂಬುದರಿಂದಲೂ ಎಣಿಸಬೇಕು. ಮಾದರಿಯ ಹೆಸರು ಮತ್ತು ಕ್ರಮಸಂಖ್ಯೆಯನ್ನು ಬರೆದುಕೊಂಡು, ಹಣ ಕೊಡುವ ಮೊದಲೇ ತಯಾರಕರಿಗೆ ಒಂದು ಪತ್ರ ಹಾಕಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

2021ರ ಜುಲೈ 25ರಂದು, ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಏರ್ ಪಿಸ್ತೂಲು ಕೆಟ್ಟಿತು. ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿದರೂ ಅವರು ಅಂತಿಮ ಸುತ್ತನ್ನು ತಲುಪಲಿಲ್ಲ. 2024ರಲ್ಲಿ ಪ್ಯಾರಿಸ್ಸಿನಿಂದ ಎರಡು ಕಂಚು ತಂದರೆಂಬುದು ಆ ಹೆಣ್ಣುಮಗಳ ಗಟ್ಟಿತನ. ತರಬೇತುದಾರರು, ತಜ್ಞರು ಎಲ್ಲರೂ ಜೊತೆಗಿದ್ದ ಕ್ರೀಡಾಪಟುವಿಗೇ ಹೀಗಾದರೆ, ರೈಫಲ್ ತಜ್ಞನೇ ಇಲ್ಲದ ತಾಲ್ಲೂಕಿನ ಮಗುವಿನ ಗತಿಯೇನು?

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಮಾರುವವರು ಹೊಸ ಎಲೆಕ್ಟ್ರಾನಿಕ್ ಮಾದರಿಯ ಬೆಲೆಯಿಂದ ಲೆಕ್ಕ ಆರಂಭಿಸುತ್ತಾರೆ. ನೀವು ಅದೇ ತಯಾರಕರ ಹೊಸ ಯಾಂತ್ರಿಕ ಮಾದರಿಯ ಬೆಲೆಯಿಂದ ಆರಂಭಿಸಿ. ಎಂಟು ಹತ್ತು ವರ್ಷದ ರೈಫಲ್ಲಾದರೆ ಅದರ ಅರ್ಧವನ್ನು ದಾಟಬೇಡಿ. ಎಲೆಕ್ಟ್ರಾನಿಕ್ಸಿಗೆ ನಾನು ಕೊಡುವ ಹೆಚ್ಚುವರಿ ಬೆಲೆ ಸೊನ್ನೆ. ಆ ಅರ್ಧದಿಂದಲೂ ಕಳೆಯುವುದಿದೆ. ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕವನ್ನು ನೋಡಿ. ಅಲ್ಯೂಮಿನಿಯಂ ಸಿಲಿಂಡರುಗಳಿಗೆ ಅನೇಕ ತಯಾರಕರು ಹತ್ತು ವರ್ಷದ ಆಯುಷ್ಯವನ್ನು ವಿಧಿಸಿದ್ದರು. ಅವಧಿ ಮೀರಿದ್ದನ್ನು ಬದಲಿಸುವ ಹೊಣೆ ಸ್ಪರ್ಧಿಯದೇ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ನನ್ನ ವಿದ್ಯಾರ್ಥಿ ಬರೆದ ಒಂಬತ್ತು ವರ್ಷದ ರೈಫಲ್ಲು ಆ ಅಂಚಿನಲ್ಲೇ ನಿಂತಿದೆ. ಹೊಸ ಸಿಲಿಂಡರಿನ ಪೂರ್ತಿ ಬೆಲೆಯನ್ನು ಕಳೆಯಿರಿ. ಹಿಂದಿನ ಡಯಾಪ್ಟರ್ ಸೈಟ್ ಜೊತೆಗಿಲ್ಲದಿದ್ದರೆ ಅದನ್ನೂ ಕಳೆಯಿರಿ. ಅದು ಅಗ್ಗದ ವಸ್ತುವಲ್ಲ. ಸೋರುವ ರಬ್ಬರಿನ ಉಂಗುರಕ್ಕೆ ಮಾತ್ರ ಹೆದರಬೇಕಿಲ್ಲ, ಅದು ಅಲ್ಪ ಖರ್ಚಿನ ಕೆಲಸ.

ಪರೀಕ್ಷೆಗೆ ಒಂದು ರಾತ್ರಿ ಬೇಕು. ಸಿಲಿಂಡರನ್ನು ತುಂಬಿ, ರೈಫಲ್ಲಿಗೆ ಜೋಡಿಸಿ, ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿಟ್ಟು ಬೆಳಿಗ್ಗೆ ನೋಡಿ. ಆಮೇಲೆ ಹೊಸ ಬ್ಯಾಟರಿ ಹಾಕಿ ನೂರು ಸಲ ಒಣ ಎಳೆತ ಎಳೆಯಿರಿ; ಒಮ್ಮೆಯಾದರೂ ತಡವರಿಸಿದರೆ ವ್ಯವಹಾರ ಮುಗಿಯಿತು. ವೇಗಮಾಪಕ ಸಿಕ್ಕರೆ ಹತ್ತು ಗುಂಡುಗಳ ವೇಗವನ್ನು ಬರೆದುಕೊಳ್ಳಿ. ವೇಗ ಹೆಚ್ಚಿರಬೇಕೆಂದಿಲ್ಲ, ಒಂದಕ್ಕೊಂದು ಹತ್ತಿರವಿರಬೇಕು. ಇವೆಲ್ಲಕ್ಕೂ ಒಪ್ಪದ ಮಾರಾಟಗಾರರೊಡನೆ ವಾದಿಸುತ್ತ ಕೂರುವುದು ವ್ಯರ್ಥ.

ನನ್ನ ವಿದ್ಯಾರ್ಥಿಗೆ ನಾನು ಬರೆದ ಸಲಹೆ ಇಷ್ಟು: ಒಡವೆ ಪೆಟ್ಟಿಗೆಯಲ್ಲೇ ಇರಲಿ. ಮಗು ಇನ್ನೂ ಬೆಳೆಯುತ್ತಿದ್ದಾಳೆ. ಇನ್ನೊಂದು ವರ್ಷ ಕ್ಲಬ್ಬಿನ ರೈಫಲ್ಲು ಸಾಕು. ಆಮೇಲೆ ಕೆನ್ನೆಯ ಆನಿಕೆಯನ್ನೂ ಭುಜದ ತಟ್ಟೆಯನ್ನೂ ಹೊಂದಿಸಬಹುದಾದ, ಅವಳ ತೋಳಿಗೆ ಭಾರವಾಗದ ಯಾಂತ್ರಿಕ ರೈಫಲ್ಲೊಂದನ್ನು ಹುಡುಕೋಣ. ಸ್ಪರ್ಧೆಯ ನಿಯಮ ಐದೂವರೆ ಕಿಲೋವರೆಗೆ ಒಪ್ಪುತ್ತದೆ; ಅವಳ ಬೆನ್ನು ಒಪ್ಪಬೇಕಲ್ಲ!

ಕಾಗದಪತ್ರಗಳ ಮಾತನ್ನು ಬಿಡುವಂತಿಲ್ಲ. 2016ರ ಆಯುಧ ನಿಯಮಗಳಂತೆ .177 ವ್ಯಾಸದ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲವಾದರೂ ಹೊರದೇಶದಿಂದ ಬಂದದ್ದಕ್ಕೆ ಆಮದಿನ ದಾಖಲೆ ಇರಲೇಬೇಕು. ಕ್ರೀಡಾಪಟುವಿನ ಸುಂಕ ರಿಯಾಯಿತಿಯಲ್ಲಿ ತರಿಸಿದ್ದಾದರೆ ಮರುಮಾರಾಟಕ್ಕೆ ಷರತ್ತುಗಳಿರುವುದುಂಟು. ರಾಜ್ಯದ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ. ಮೊದಲು ದಾಖಲೆಯನ್ನು ಕೇಳಿ, ಕ್ರಮಸಂಖ್ಯೆಯನ್ನು ತಾಳೆ ನೋಡಿ. “ಆಮೇಲೆ ಕಳಿಸುತ್ತೇವೆ” ಎಂದರೆ ಚೀಲದ ಜಿಪ್ಪನ್ನೂ ಬಿಚ್ಚಿಸಬೇಡಿ.