ಬೇಸಿಗೆಯ ಪಾನಕವೂ ನನ್ನ ಐಸುಗಡ್ಡೆಯೂ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮಕ್ಕಳ ಪರೀಕ್ಷೆ ಮುಗಿದು, ಊರಿನಿಂದ ಬರುವವರ ಟಿಕೆಟ್ಟು ನಿಶ್ಚಯವಾಗಿ, ನಿಮ್ಮ ಮನೆಯ ಚಾಪೆಗಳೆಲ್ಲ ಬಿಸಿಲಿಗೆ ಬಿದ್ದಿರುತ್ತವೆ. ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆಯಿದ್ದವನಿಗೂ ಮೇ ತಿಂಗಳಲ್ಲಿ ಹನ್ನೆರಡು ಮಂದಿ ನಂಟರು ಹೇಗೆ ಹಿಡಿಸುತ್ತಾರೆಂಬುದು ಯಾವ ಲೆಕ್ಕಶಾಸ್ತ್ರಕ್ಕೂ ನಿಲುಕದ ಸಂಗತಿ. ಬಂದವರಿಗೆ ಮಲಗಲು ಜಾಗ ಆಮೇಲಿನ ಮಾತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಕೈಗೆ ತಣ್ಣನೆಯದೊಂದು ಲೋಟ ಕೊಡಬೇಕಷ್ಟೆ. ಆ ಲೋಟದಲ್ಲಿ ಏನಿರಬೇಕೆಂಬುದನ್ನು ಈ ಸಲ ಬರೆಯಹೊರಟಿದ್ದೇನೆ. ಇದನ್ನು ಬರೆಯುವ ಯೋಗ್ಯತೆ ಒಬ್ಬ ಗುಮಾಸ್ತನಿಗೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಹೋದ ವರ್ಷ ನಾನು ಅದನ್ನು ತಪ್ಪಾಗಿ ಕೊಟ್ಟೆ. ಯೋಗ್ಯತೆ ಬಂದದ್ದು ಹಾಗೆ.

ಹೋದ ಮೇ ತಿಂಗಳ ಎರಡನೆಯ ಭಾನುವಾರ ನಮ್ಮಲ್ಲಿ ಬಂಧುಗಳ ಕೂಟ. ಠಾಣೆಯಿಂದ ಅಕ್ಕ ಭಾವ, ಕಲ್ಯಾಣದಿಂದ ಚಿಕ್ಕಪ್ಪನ ಮಕ್ಕಳು, ವಾಶಿಯಿಂದ ನನ್ನ ಮಡದಿಯ ಅಣ್ಣನ ಸಂಸಾರ, ಇವರೆಲ್ಲರ ಮೇಲೆ ಕಳಶವಿಟ್ಟಂತೆ ಕುಮಟೆಯಿಂದ ಕೊಂಕಣ ರೈಲು ಹತ್ತಿ ಬಂದ ನಮ್ಮ ಅಪ್ಪಯ್ಯ. ಒಟ್ಟು ಮೂವತ್ತು ತಲೆ. ಅಪ್ಪಯ್ಯನವರಿಗೆ ಎಪ್ಪತ್ತೆರಡು. ತೋಟದಲ್ಲಿ ದುಡಿದ ಗಟ್ಟಿ ಮೈ, ಆದರೆ ಮುಂಬಯಿಯ ನೀರೆಂದರೆ ಮೊದಲಿನಿಂದಲೂ ಅವರಿಗೆ ಸ್ವಲ್ಪ ಅಂಜಿಕೆ.

ಕೂಟಕ್ಕೆ ಒಂದು ವಾರವಿರುವಾಗ ಅಕ್ಕನ ಮಗ ಫೋನು ಮಾಡಿದ. ಕಾಲೇಜು ಓದುವ ಹುಡುಗ. "ಮಾಮಾ, ಪಾನಕ ಎಲ್ಲಾ ಯಾರು ಕುಡೀತಾರೆ ಈಗ? ಕಾಕ್‌ಟೇಲ್ ಮಾಡೋಣ" ಎಂದ. ನಾನು ಗಾಬರಿಯಾದದ್ದನ್ನು ಕಂಡು, "ಶರಾಬಿಲ್ಲದ್ದು ಮಾಮಾ, ಅದಕ್ಕೆ ಮಾಕ್‌ಟೇಲ್ ಅಂತಾರೆ" ಎಂದು ಸಮಾಧಾನ ಹೇಳಿದ. ಆದರೆ ಅವನ ಹಿಂದೆಯೇ ಭಾವನವರ ದನಿ ಕೇಳಿಸಿತು: "ಶರಾಬು ಇರೋದೇ ಆಗಲಿ ಬಿಡೋ!" ನಾನು ಸರಕಾರಿ ನೌಕರ. ೧೯೪೯ರ ಪಾನನಿರೋಧ ಕಾಯಿದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜೀವಂತವಾಗಿದೆ, ಕುಡಿಯುವವನ ಹತ್ತಿರ ಪರವಾನಗಿ ಇರಬೇಕು, ಎಂದು ಕಡತ ಓದಿದಂತೆ ಓದಿ ಹೇಳಿದೆ. "ನಿನ್ನ ಮನೇಲಿ ಲಿಂಬೆಹಣ್ಣಿಗೂ ಅರ್ಜಿ ಹಾಕಬೇಕೇನೋ" ಎಂದು ಭಾವ ಸುಮ್ಮನಾದರು.

ಸರಿ, ಬಣ್ಣಬಣ್ಣದ ಶರಬತ್ತಿನ ಸೀಸೆಗಳು ಬಂದವು, ಸೋಡಾ ಬಂತು, ಪುದೀನ ಬಂತು. ಮೂವತ್ತು ಮಂದಿಗೆ ಬೇಕಾಗುವ ಐಸು ಮಾತ್ರ ನಮ್ಮ ಫ್ರಿಜ್ಜಿನಿಂದ ಹುಟ್ಟುವಂತಿರಲಿಲ್ಲ. ಬೆಳಿಗ್ಗೆ ಹೋಗಿ ದಾರಿಯ ಬದಿಯಲ್ಲಿ ಮಾರುತ್ತಿದ್ದವನೊಬ್ಬನಿಂದ ದೊಡ್ಡದೊಂದು ಗಡ್ಡೆ ಕೊಂಡು, ಗೋಣಿಚೀಲ ಸುತ್ತಿ ರಿಕ್ಷಾದಲ್ಲಿ ತಂದೆ. ಮಡದಿ ನೋಡಿ, "ರೀ, ಇದು ತಿನ್ನೋ ಐಸೇನು?" ಎಂದಳು. "ಐಸು ಅಂದ್ರೆ ಐಸು" ಎಂದೆ. ಬಿ.ಎ. ಪಾಸಾದವನ ಉತ್ತರ!

ಕೂಟ ಕಳೆಗಟ್ಟಿತು. ಅಳಿಯ ಕೆಂಪು, ಹಸಿರು, ಹಳದಿ ಲೋಟಗಳನ್ನು ಸಾಲಾಗಿ ಜೋಡಿಸಿದ. ಮಡದಿ ಮೂಲೆಯಲ್ಲಿ ಒಂದು ಪಾತ್ರೆ ನೀರುಮಜ್ಜಿಗೆ ಇಟ್ಟಿದ್ದಳು. ಅಪ್ಪಯ್ಯ ನೇರವಾಗಿ ಅದರ ಕಡೆಗೆ ನಡೆದರು. ನಾನು ಅಡ್ಡ ಬಂದು, "ಮಜ್ಜಿಗೆ ದಿನಾ ಇದ್ದದ್ದೇ ಅಪ್ಪಯ್ಯ, ಇವತ್ತು ಇದನ್ನ ಕುಡೀರಿ" ಎಂದು ಕೆಂಪು ಲೋಟವನ್ನು ಕೈಗೆ ಕೊಟ್ಟೆ. ಮಗ ಕೊಟ್ಟನೆಂದು ಅವರು ಪೂರ್ತಿ ಕುಡಿದರು. "ತಂಪಾತು" ಎಂದರು.

ರಾತ್ರಿ ಎರಡು ಗಂಟೆಗೆ ಅಪ್ಪಯ್ಯನವರಿಗೆ ವಾಂತಿ ಭೇದಿ ಆರಂಭವಾಯಿತು. ಬೆಳಗಾಗುವುದರೊಳಗೆ ಠಾಣೆಯಿಂದ ಫೋನು, ಕಲ್ಯಾಣದಿಂದ ಫೋನು, ವಾಶಿಯಿಂದ ಎರಡು ಫೋನು. ಒಟ್ಟು ಒಂಬತ್ತು ಮಂದಿ ಮಲಗಿದ್ದರು, ಅದರಲ್ಲಿ ನಾಲ್ವರು ಮಕ್ಕಳು. ಉಳಿದವರು ಮನೆಯಲ್ಲೇ ಚೇತರಿಸಿಕೊಂಡರು. ಅಪ್ಪಯ್ಯನವರನ್ನು ಮಾತ್ರ ಆಸ್ಪತ್ರೆಗೆ ಸೇರಿಸಬೇಕಾಯಿತು. ಕಣ್ಣು ಗುಳಿ ಬಿದ್ದು, ನಾಲಗೆ ಒಣಗಿ, ಮಾತು ತೊದಲುತ್ತಿತ್ತು. ಎರಡು ರಾತ್ರಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅವರ ಕೈಯ ಚರ್ಮವನ್ನು ಎತ್ತಿ ಬಿಟ್ಟು, ಅದು ಎಷ್ಟು ಬೇಗ ಮೊದಲಿನಂತಾಗುತ್ತದೆಂದು ನೋಡುತ್ತಿದ್ದೆ. ನರ್ಸು ಕಲಿಸಿದ ಪರೀಕ್ಷೆ ಅದು. ಮಂಗಳವಾರ ಸಂಜೆ ಅವರು ಕಣ್ಣು ಬಿಟ್ಟು, "ತಮಾ, ಆ ಮಜ್ಜಿಗೆ ಉಳಿದಿತ್ತೇನೋ?" ಎಂದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ವೈದ್ಯರು ಖಚಿತವಾಗಿ ಇಂಥದೇ ಕಾರಣವೆನ್ನಲಿಲ್ಲ. ಆದರೆ ಕಚೇರಿಯಲ್ಲಿ ಪಟ್ಟಿ ಮಾಡುವುದೇ ನನ್ನ ಕಸುಬಾದ್ದರಿಂದ ಕುಳಿತು ಪಟ್ಟಿ ಮಾಡಿದೆ. ಮಲಗಿದ ಒಂಬತ್ತು ಮಂದಿಯೂ ಐಸು ಹಾಕಿದ ಲೋಟ ಹಿಡಿದವರು. ಬರಿಯ ಮಜ್ಜಿಗೆ ಕುಡಿದ ಒಬ್ಬರಿಗೂ ಏನೂ ಆಗಿರಲಿಲ್ಲ. ಊಟ ಎಲ್ಲರದೂ ಒಂದೇ. ಇನ್ನೇನು ಸಾಕ್ಷಿ ಬೇಕು?

ಆಮೇಲೆ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ನೀರು ಹೆಪ್ಪುಗಟ್ಟಿದರೆ ಅದರೊಳಗಿನ ರೋಗಾಣುಗಳು ಸಾಯುತ್ತವೆಂಬುದು ತಪ್ಪು ತಿಳಿವಳಿಕೆ. ಅನೇಕವು ನಿದ್ದೆ ಹೋದಂತಿದ್ದು, ಕರಗಿದೊಡನೆ ಏಳುತ್ತವೆ. ಮೀನು ಮತ್ತಿತರ ಸಾಮಾನು ಕೆಡದಂತೆ ಇಡಲು ತಯಾರಿಸುವ ಐಸಿಗೆ ಕುಡಿಯುವ ನೀರೇ ಬೇಕೆಂದಿಲ್ಲ. ಅದಕ್ಕಾಗಿಯೇ ಮಹಾರಾಷ್ಟ್ರದಲ್ಲಿ ೨೦೧೮ರಿಂದ ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಕೊಡಬೇಕೆಂದು ನಿಯಮ ಮಾಡಿದ್ದಾರೆ. ನೀಲಿಯಾದರೆ ಮುಟ್ಟಬೇಡಿ; ಬಿಳಿಯಾದರೆ ನಂಬಿಬಿಡಬೇಡಿ. ನಿಯಮ ಪಾಲಿಸದವನ ಐಸೂ ಬಿಳಿಯೇ ಅಲ್ಲವೆ?

ಅಪ್ಪಯ್ಯನವರನ್ನು ಉಳಿಸಿದ್ದು ಏನು ಗೊತ್ತೆ? ಮೊದಲ ರಾತ್ರಿ ನರಕ್ಕೆ ಸೂಜಿ. ಆಮೇಲೆಲ್ಲ ಒಂದು ಪಾನಕವೇ! ಓ.ಆರ್.ಎಸ್. ಎಂಬ ಪೊಟ್ಟಣ, ಒಂದು ಲೀಟರು ನೀರಿಗೆ ಒಂದು. ಅದರಲ್ಲಿರುವುದು ಸಕ್ಕರೆಯ ಜಾತಿಯ ಗ್ಲೂಕೋಸು, ಉಪ್ಪು, ಇನ್ನೆರಡು ಲವಣ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಕರುಳಿಗೆ ಹೋದರೆ ನೀರನ್ನು ಕೈಹಿಡಿದು ರಕ್ತಕ್ಕೆ ಸೇರಿಸುತ್ತವೆ. ಬರಿಯ ನೀರು ಅಷ್ಟು ಚೆನ್ನಾಗಿ ಸೇರದು. ೧೯೭೧ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸೂಜಿಯಲ್ಲಿ ಕೊಡುವ ದ್ರವ ಮುಗಿದುಹೋಗಿ, ಡಾಕ್ಟರ್ ದಿಲೀಪ ಮಹಲಾನಬೀಸ್ ಅವರು ಈ ಮಿಶ್ರಣವನ್ನೇ ಕುಡಿಸಿದರು. ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಜಗತ್ತಿನ ಶ್ರೇಷ್ಠ ಕಾಕ್‌ಟೇಲು ಯಾವುದೆಂದು ನನ್ನ ಅಳಿಯ ಈಗ ಕೇಳಿದರೆ ನಾನು ತಡವರಿಸುವುದಿಲ್ಲ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಅಳತೆ ಮೀರಬಾರದು.

ಬೆರಕೆ ಮಾಡಿ ಕುಡಿಯುವುದನ್ನು ನಮಗೆ ಪರದೇಶದವರು ಕಲಿಸಬೇಕಾಗಿಲ್ಲ. ಇಂಗ್ಲಿಷರ 'ಪಂಚ್' ಎಂಬ ಪಾನೀಯದ ಹೆಸರು ನಮ್ಮ 'ಪಂಚ'ದಿಂದಲೇ, ಅಂದರೆ ಐದು ವಸ್ತುಗಳಿಂದ, ಬಂದುದೆಂದು ಹೇಳುವ ನಿಘಂಟುಕಾರರುಂಟು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದಾಗ ಅನ್ನಕ್ಕೆ ಕೊಟ್ಟಂತೆ ಪಾನೀಯಕ್ಕೂ ಅದರಲ್ಲಿ ಸ್ಥಾನ ಕೊಟ್ಟ. ಅವನ ರಾಜಧಾನಿ ಕಲ್ಯಾಣ. ನಮ್ಮ ಲೋಕಲ್ ರೈಲು ನಿಲ್ಲುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ! ಸುಮಾರು ೧೫೦೮ರಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಪದ್ಯರೂಪವಾಗಿ 'ಸೂಪಶಾಸ್ತ್ರ' ಬರೆದು, ಪಾನಕಗಳಿಗೆ ಅದರಲ್ಲೊಂದು ಅಧ್ಯಾಯವನ್ನೇ ಮೀಸಲಿಟ್ಟ. ರಾಮನವಮಿಯ ಪಾನಕ ಕೋಸಂಬರಿಯನ್ನಂತೂ ನಾನು ಹೇಳಬೇಕಾಗಿಲ್ಲ.

ಇನ್ನು ನಮ್ಮ ಊರಿನ ಬಿಸಿಲು. ಧಾರವಾಡದ, ವಿಜಾಪುರದ ಕಡೆಯವರು ಇಲ್ಲಿಗೆ ಬಂದು, "ನಮ್ಮಲ್ಲಿ ಇದಕ್ಕಿಂತ ಸುಡ್ತದ್ರೀ" ಎನ್ನುತ್ತಾರೆ. ಹೌದು, ಆದರೆ ಅಲ್ಲಿ ಗಾಳಿ ಒಣಗಿದ್ದು. ಬೆವರು ಆರಿ ಮೈ ತಣಿಯುತ್ತದೆ. ಇಲ್ಲಿ ಖಾಡಿಯ ತೇವದಲ್ಲಿ ಬೆವರು ಆರುವುದೇ ಇಲ್ಲ. ಮಣ್ಣಿನ ಹೂಜಿಯ ಕಥೆಯೂ ಅದೇ: ಹೊರಮೈಯ ನೀರು ಆರಿದರಷ್ಟೇ ಒಳಗಿನದು ತಣಿಯುವುದು, ಆದ್ದರಿಂದ ವಿಜಾಪುರದ ಹೂಜಿಯಷ್ಟು ಡೊಂಬಿವಲಿಯ ಹೂಜಿ ತಂಪು ಕೊಡದು. ೨೦೨೩ರ ಏಪ್ರಿಲ್ ೧೬ರಂದು ನವಿ ಮುಂಬಯಿಯ ಖಾರಘರದಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿಯ ಬಯಲು ಸಭೆಗೆ ಬಂದವರಲ್ಲಿ ೧೪ ಮಂದಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಬೇಸಿಗೆಯಲ್ಲಿ ಅತಿಥಿಗೆ ಕೊಡುವ ಲೋಟ ಬರಿಯ ಉಪಚಾರವಲ್ಲ.

ಈ ವರ್ಷದ ಕೂಟಕ್ಕೆ ನಾನೂ ಮಡದಿಯೂ ಕುಳಿತು ಯಾದಿ ಮಾಡಿದ್ದೇವೆ. ಮೂವತ್ತು ಮಂದಿ, ತಲೆಗೆ ಮೂರು ಲೋಟ, ಲೋಟಕ್ಕೆ ೨೦೦ ಮಿಲಿಲೀಟರು. ಒಟ್ಟು ೧೮ ಲೀಟರು. ನೀರನ್ನು ಹಿಂದಿನ ದಿನವೇ ಕುದಿಸಿ ಆರಿಸಬೇಕು. ಐಸು ಹೊರಗಿನಿಂದ ತರಕೂಡದು. ನಾಲ್ಕು ದಿನ ಮೊದಲಿನಿಂದ ಕುದಿಸಿದ ನೀರನ್ನೇ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿ, ನೆರೆಮನೆಯ ಫ್ರಿಜ್ಜಿನಲ್ಲೂ ಸ್ವಲ್ಪ ಜಾಗ ಬೇಡುವುದು. ಐಸನ್ನು ಲೋಟದೊಳಗೆ ಹಾಕುವುದಕ್ಕಿಂತ, ಪಾನಕದ ಪಾತ್ರೆಯನ್ನು ಐಸುನೀರಿನ ದೊಡ್ಡ ಬೋಗುಣಿಯಲ್ಲಿ ಇಡುವುದು ಇನ್ನೂ ಮೇಲು. ಪಾನಕ ನೀರಾಗುವುದಿಲ್ಲ.

ಬೆಲ್ಲದ ಪಾನಕ: ಒಂದು ಲೀಟರು ನೀರಿಗೆ ೧೫೦ ಗ್ರಾಂ ಬೆಲ್ಲ ಕರಗಿಸಿ ಸೋಸಿ, ಒಂದು ಲಿಂಬೆಹಣ್ಣಿನ ರಸ, ನಾಲ್ಕು ಏಲಕ್ಕಿಯ ಪುಡಿ, ಅರ್ಧ ಚಮಚ ಒಣಶುಂಠಿ ಪುಡಿ, ಚಿಟಿಕೆ ಮೆಣಸಿನ ಪುಡಿ, ಚಿಟಿಕೆ ಉಪ್ಪು. ಮೆಣಸೆಂದರೆ ಕಾಳುಮೆಣಸು, ಹೊಸದಾಗಿ ಸಂಸಾರ ಹೂಡಿದವರಿಗಾಗಿ ಹೇಳಿದೆ.

ಮಾವಿನಕಾಯಿ ಪಾನಕ: ನಮ್ಮ ಮರಾಠಿ ನೆರೆಯವರ ಪನ್ಹೆ. ಎರಡು ಮಾವಿನಕಾಯಿ ಬೇಯಿಸಿ ತಿರುಳು ತೆಗೆದು, ಒಂದು ಬಟ್ಟಲು ತಿರುಳಿಗೆ ಒಂದೂವರೆ ಬಟ್ಟಲು ಬೆಲ್ಲ, ಏಲಕ್ಕಿ, ಉಪ್ಪು ಸೇರಿಸಿ ಕಲಸಿಡಿ. ಲೋಟಕ್ಕೆ ಎರಡು ದೊಡ್ಡ ಚಮಚ ಹಾಕಿ ನೀರು ಬೆರೆಸಿದರಾಯಿತು.

ಮುರುಗಲು: ಕುಮಟೆಯವರಿಗೆ ಮುರುಗಲು, ಮಂಗಳೂರಿನವರಿಗೆ ಪುನರ್ಪುಳಿ, ಇಲ್ಲಿಯವರಿಗೆ ಕೋಕಮ್. ಒಣಗಿದ ಹನ್ನೆರಡು ಸಿಪ್ಪೆಯನ್ನು ಎರಡು ಲೋಟ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ, ಸಕ್ಕರೆ, ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ. ಸಕ್ಕರೆಯ ಬದಲು ತೆಂಗಿನಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿದರೆ ಅದೇ ಸೋಲಕಢಿ.

ಅಳಿಯನನ್ನೂ ನಿರಾಶೆಗೊಳಿಸಬಾರದಷ್ಟೆ. ಮುರುಗಲಿನ ಗಟ್ಟಿ ಸಿಹಿ ರಸವನ್ನು ಗಾಜಿನ ಲೋಟದ ತಳಕ್ಕೆ ಹಾಕಿ, ಸಿಹಿ ಕಡಿಮೆಯಿರುವ ಲಿಂಬೆ ನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಸಿದರೆ, ಭಾರದ್ದು ಕೆಳಗೂ ಹಗುರದ್ದು ಮೇಲೂ ನಿಂತು, ಎರಡು ಬಣ್ಣದ ಪಟ್ಟಿ ಕಾಣಿಸುತ್ತದೆ. ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. "ಮಾಮಾ, ಇದಕ್ಕೇನು ಹೆಸರು?" ಎಂದ. "ನೀನೇ ಇಡು, ಪರವಾನಗಿ ಬೇಡ" ಎಂದೆ.

ಕಡೆಯದಾಗಿ ನೀರುಮಜ್ಜಿಗೆ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಶುಂಠಿ, ಕರಿಬೇವು, ಇಂಗು, ಉಪ್ಪು. ಸಕ್ಕರೆ ಕಾಯಿಲೆಯವರಿಗೂ ಸಲ್ಲುವಂಥದು ಈ ಯಾದಿಯಲ್ಲಿ ಇದೊಂದೇ. ಈ ಸಲ ಇದರ ಪಾತ್ರೆ ಮೂಲೆಯಲ್ಲಿರುವುದಿಲ್ಲ. ಬಾಗಿಲ ಎದುರಿಗೇ ಇರುತ್ತದೆ.

ಅಪ್ಪಯ್ಯ ಈ ವರ್ಷ ಬರುವರೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಯುಗಾದಿಯ ದಿನ ಅವರೇ ಫೋನು ಮಾಡಿದರು. ಮೇ ಮೊದಲ ವಾರದ ರೈಲಿಗೆ ಟಿಕೆಟ್ಟು ತೆಗೆದಿದ್ದಾರೆ. ಚೀಲದ ತುಂಬ ಮುರುಗಲು ಸಿಪ್ಪೆ ತರುವರಂತೆ. "ಐಸೂ ನಾನೇ ತರಲೋ?" ಎಂದು ಕೇಳಿ ನಕ್ಕರು. ನಾನೂ ನಕ್ಕೆ, ಆದರೆ ಫೋನು ಇಟ್ಟವನೇ ನೀರು ಕುದಿಸಲು ದೊಡ್ಡ ಪಾತ್ರೆಯೊಂದನ್ನು ಕೊಳ್ಳಲು ಪೇಟೆಗೆ ಹೊರಟೆ.