ಕೂಟ ಬಿಟ್ಟ ಬ್ರಿಟನ್ನು, ವೇಲ್ಸಿನ ಕುರಿ



ಬ್ರಿಟನ್ ದೇಶ ಯುರೋಪಿನ ಒಕ್ಕೂಟ ಬಿಟ್ಟಾಗ ನಮ್ಮಲ್ಲೂ ಕೆಲವರು ಚಪ್ಪಾಳೆ ತಟ್ಟಿದರು. ದೊಡ್ಡ ವ್ಯಾಪಾರ ಕೂಟಗಳ ಏಟು ತಿಂದವರಿಗೆ ಅದು ಸಹಜವೇ. ಆದರೆ ಬಿಟ್ಟ ಮೇಲೆ ಅಲ್ಲಿಯ ಹಳ್ಳಿಗಾಡಿನವನ ಗತಿ ಏನಾಯ್ತು ಅಂತ ಕೇಳಿದವರೆಷ್ಟು ಜನ?

ವೇಲ್ಸ್ ಸೀಮೆಯನ್ನೇ ತಗೊಳ್ಳಿ. ಗುಡ್ಡ, ಮಳೆ, ಹುಲ್ಲು. ಕುರಿಯೇ ಅಲ್ಲಿಯ ಒಕ್ಕಲುತನ. ಅಲ್ಲಿಯ ಕುರಿಮಾಂಸದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೊರದೇಶಕ್ಕೆ ಹೋಗ್ತದೆ, ಅದರಲ್ಲಿ ಬಹುಪಾಲು ಯುರೋಪಿಗೇ. ಇಂಥ ಸೀಮೆಯೂ 2016ರ ಜೂನ್ 23ರಂದು ನೂರಕ್ಕೆ 52.5ರಂತೆ ಬಿಡೋಣ ಅಂತಲೇ ಓಟು ಹಾಕಿತು. ಅವರೇನೂ ದಡ್ಡರಲ್ಲ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಊರೂರೇ ಸೊರಗಿದ್ದವು, ಸಿಟ್ಟು ಇತ್ತು.

2020ರ ಕೊನೆಗೆ ಆದ ಒಪ್ಪಂದದಲ್ಲಿ ಸುಂಕ ಇಲ್ಲ ಅಂದರು. ಸುಂಕ ಇಲ್ಲ, ಕಾಗದ ಇದೆ! 2021ರ ಜನವರಿ 1ರಿಂದ ಮಾಂಸದ ಲಾರಿ ಯುರೋಪಿಗೆ ಹೊರಡಬೇಕಾದರೆ ಪಶುವೈದ್ಯರ ಸಹಿಯ ಸರ್ಟಿಫಿಕೇಟು ಬೇಕು, ಆಚೆ ದಡದಲ್ಲಿ ತಪಾಸಣೆ ಬೇರೆ. ಅದೇ ಯುರೋಪಿನ ಮಾಂಸ ಬ್ರಿಟನ್ನಿಗೆ ಬರೋದಕ್ಕೆ? ಇಂಥ ತಪಾಸಣೆಯನ್ನು ಸರ್ಕಾರ ಮುಂದಕ್ಕೆ ಹಾಕುತ್ತಾ ಹಾಕುತ್ತಾ 2024ಕ್ಕೆ ತಂದಿತು. ಮೂರು ವರ್ಷ ತನ್ನ ಬಾಗಿಲು ಹಾರು ಹೊಡೆದು, ತನ್ನ ರೈತನನ್ನು ಇನ್ನೊಬ್ಬರ ಬಾಗಿಲಲ್ಲಿ ಕಾಯಿಸಿದ್ದು ಯಾವ ನ್ಯಾಯ ಸ್ವಾಮಿ?

ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಮೇ 31ರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗಿನ ಒಪ್ಪಂದ ಜಾರಿಗೆ ಬಂತು. ಆಸ್ಟ್ರೇಲಿಯಾದ ಕುರಿಮಾಂಸ ಮೊದಲ ವರ್ಷಕ್ಕೆ 25,000 ಟನ್ ಸುಂಕವಿಲ್ಲದೆ, ಹತ್ತನೇ ವರ್ಷಕ್ಕೆ 75,000 ಟನ್. (ಇದೇ ನ್ಯೂಜಿಲೆಂಡಿನ ಹಾಲಿನ ಪುಡಿಗೆ ಹೆದರಿ ನಮ್ಮ ರೈತರು ಬೀದಿಗಿಳಿದದ್ದು, 2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಕೂಟಕ್ಕೆ ಸೇರದೆ ಹಿಂದೆ ಸರಿದದ್ದು.) ನಿಜ ಹೇಳಬೇಕು, ಕುರಿಯ ಬೆಲೆ ಬಿದ್ದಿಲ್ಲ, 2024ರಲ್ಲಿ ಏರಿಯೇ ಇತ್ತು. ಕುರಿಗಳೇ ಕಡಿಮೆಯಾದದ್ದು ಅದಕ್ಕೊಂದು ಕಾರಣ. ಆದರೆ ಬಾಗಿಲು ಒಮ್ಮೆ ತೆರೆದಾಗಿದೆ.

ಪಶ್ಚಿಮ ವೇಲ್ಸು, ಕಾರ್ನ್‌ವಾಲು ಬಡ ಸೀಮೆಗಳೆಂದು ಯುರೋಪಿನಿಂದ ಏಳೇಳು ವರ್ಷದ ಯೋಜನೆಯಲ್ಲಿ ಹಣ ಬರುತ್ತಿತ್ತು. ಅದರ ಬದಲಿಗೆ 2022ರಲ್ಲಿ ಲಂಡನ್ ಕೊಟ್ಟದ್ದು ಮೂರು ವರ್ಷದ ನಿಧಿ. ಲೆಕ್ಕಾಚಾರ, ಷರತ್ತು ಎಲ್ಲಾ ಲಂಡನ್ನಿನದೇ.

ಈಗ 2025ರ ಮೇ 19ರಂದು ಮತ್ತೆ ಯುರೋಪಿನ ಜೊತೆ ಕೂತು, ತಪಾಸಣೆ ತಗ್ಗಿಸುವ ಮಾತುಕತೆಗೆ ಒಪ್ಪಿದ್ದಾರೆ. ಅದಕ್ಕೆ ಪ್ರತಿಯಾಗಿ ಆಹಾರ, ಪಶುಗಳ ವಿಷಯದಲ್ಲಿ ಯುರೋಪಿನ ಕಾಯಿದೆಯನ್ನೇ ಪಾಲಿಸಬೇಕು. ಆ ಕಾಯಿದೆ ಮಾಡುವ ಮನೆಯಲ್ಲಿ ಮುಂಚೆ ಅವರಿಗೂ ಒಂದು ಓಟು ಇತ್ತು.