ಜಗುಲಿಗೆ ಬಂದ ಜುಟ್ಟಿನ ಹಕ್ಕಿ



ಬೂದು ಮೈ, ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ಇಂಥ ಹಕ್ಕಿಯೊಂದನ್ನು ನಿಮ್ಮ ಮಕ್ಕಳು ಪಟ್ಟಣದ ಅಂಗಡಿಯಲ್ಲಿ ಕಂಡು ಹಟ ಹಿಡಿದಿರಬಹುದು. ಇದರ ಹೆಸರು ಕಾಕಟೀಲ್; ತವರು ಆಸ್ಟ್ರೇಲಿಯದ ಒಣ ಬಯಲು. ಅಲ್ಲಿ ಹಿಂಡುಗಟ್ಟಿ ಜೋಳ, ಸೂರ್ಯಕಾಂತಿ ಹೊಲಗಳಿಗೆ ಇಳಿಯುವುದರಿಂದ ಅಲ್ಲಿಯ ರೈತನಿಗೆ ಇದು ಪೀಡೆ, ನಮಗೆ ಗಿಳಿ ಹೇಗೋ ಹಾಗೆ!

ತೆಂಗಿನ ಪೊಟರೆಯಿಂದ ಗಿಳಿಮರಿ ಕದ್ದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಂಗಡಿಗೆ ಬರುವ ಕಾಕಟೀಲಾದರೋ ಪಂಜರದಲ್ಲೇ ಹುಟ್ಟಿ ಬೆಳೆದ ಸಂತತಿ. ಹಕ್ಕಿ ಬೇಕೇ ಬೇಕೆಂದರೆ ಇದೇ ವಾಸಿ. ಆದರೆ ಚೆನ್ನಾಗಿ ನೋಡಿಕೊಂಡರೆ ಇದು 15ರಿಂದ 20 ವರ್ಷ ಬದುಕುತ್ತದೆ ಎಂಬುದು ನೆನಪಿರಲಿ. ಇಂದು ಹಟ ಹಿಡಿದ ಮಗಳು ಮದುವೆಯಾಗಿ ಹೋದ ಮೇಲೂ ಅದು ನಿಮ್ಮ ಜಗುಲಿಯಲ್ಲೇ ಇರುತ್ತದೆ.

ಇರಬೇಕು, ಎನ್ನೋಣ. ಏಕೆಂದರೆ ಎಷ್ಟೋ ಮನೆಗಳಲ್ಲಿ ಅದರ ಆಯುಷ್ಯವನ್ನು ನಾವೇ ಮೊಟಕು ಮಾಡುತ್ತೇವೆ. ಬಟ್ಟಲು ತುಂಬ ನವಣೆ, ಸೂರ್ಯಕಾಂತಿ ಬೀಜ ಸುರಿದು ಕೈ ತೊಳೆದುಕೊಳ್ಳುತ್ತೇವೆ. ಕಾಳು ತಿನ್ನುವ ಹಕ್ಕಿಗೆ ಕಾಳು ಸಾಲದೇ ಎಂದು ಕೇಳುವಿರಿ. ಬರೀ ಒಣಹುಲ್ಲು ತಿಂದ ಹಸುವಿನ ಗತಿ ನಿಮಗೆ ತಿಳಿಯದ್ದಲ್ಲ. ಸೂರ್ಯಕಾಂತಿ ಬೀಜದಲ್ಲಿ ಎಣ್ಣೆ ಹೆಚ್ಚು, ಸುಣ್ಣದಂಶ ಕಡಿಮೆ, 'ಎ' ಜೀವಸತ್ವವಂತೂ ಇಲ್ಲವೆನ್ನುವಷ್ಟು. ದಿನವೂ ಅದನ್ನೇ ತಿಂದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಸುಣ್ಣದಂಶ ಸಾಲದ ಹೆಣ್ಣುಹಕ್ಕಿಗೆ ಮೊಟ್ಟೆ ಹೊರಬರದೆ ಸಿಕ್ಕಿಕೊಂಡು ಪ್ರಾಣಕ್ಕೇ ಎರವಾದೀತು. ಕಾಳಿನ ಜೊತೆಗೆ ಔಷಧಿ ಸಿಂಪಡಿಸದ ನುಗ್ಗೆಸೊಪ್ಪು, ಕ್ಯಾರೆಟ್ ತುರಿ, ಮೊಳಕೆ ಬರಿಸಿದ ಹೆಸರುಕಾಳು ಕೊಡಿರಿ. ಪಂಜರಕ್ಕೆ ಸಮುದ್ರನೊರೆಯ ತುಂಡೊಂದನ್ನು ಕಟ್ಟಿರಿ. ಬೆಣ್ಣೆಹಣ್ಣು ಮಾತ್ರ ಕೂಡದು, ಅದು ಇದಕ್ಕೆ ವಿಷ. ಪಂಜರವನ್ನು ಅಡುಗೆಮನೆಯಲ್ಲಿಡುವುದೂ ಸಲ್ಲದು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಕೀಟನಾಶಕ ಇಡುವ ಕೋಣೆಯ ಮಾತು ಹೇಳಲೇಬೇಕಾಗಿಲ್ಲ.

ಇದರ ಮನಸ್ಸನ್ನು ಜುಟ್ಟಿನಿಂದ ತಿಳಿಯಬಹುದು. ನೆಟ್ಟಗೆ ನಿಂತರೆ ಬೆದರಿದೆ ಅಥವಾ ಏನನ್ನೋ ಕಂಡು ಬೆರಗಾಗಿದೆ. ತಲೆಗೆ ಅಂಟಿಸಿಕೊಂಡು ಬುಸುಗುಟ್ಟಿದರೆ ಕೈ ಹಿಂತೆಗೆಯಿರಿ, ಕಚ್ಚುತ್ತದೆ. ಗಂಡು ಸಿಳ್ಳೆ ಕಲಿಯುವುದರಲ್ಲಿ ಜಾಣ. ಕತ್ತಲೆಯಲ್ಲಿ ಸಣ್ಣ ಸದ್ದಿಗೂ ಗಾಬರಿಗೊಂಡು ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದುಂಟು, ಮಂದ ದೀಪವೊಂದಿದ್ದರೆ ಒಳ್ಳೆಯದು.

ಹಿಂಡಿನಲ್ಲಿ ಬಾಳುವ ಜೀವವಿದು. ದಿನಕ್ಕೊಂದು ಗಂಟೆಯಾದರೂ ಪಂಜರದಿಂದ ಹೊರಬಿಟ್ಟು, ಬಾಗಿಲು ಕಿಟಕಿ ಮುಚ್ಚಿ, ಅದರೊಡನೆ ಕೂರುವವರು ಮನೆಯಲ್ಲಿ ಇಲ್ಲವೆಂದಾದರೆ ದಯವಿಟ್ಟು ತರಬೇಡಿರಿ. ಅಂಗಳದ ಮೂಲೆಯಲ್ಲಿ ಮಣ್ಣಿನ ತಟ್ಟೆಗೆ ನೀರು ತುಂಬಿಸಿಡಿ. ಮಕ್ಕಳು ನೋಡಲು ಪಿಕಳಾರ, ಗೊರವಂಕಗಳು ತಾವಾಗಿಯೇ ಬರುತ್ತವೆ.